ಪ್ರಶ್ನೋತ್ತರ: ಕಾರವಾರದ ಕೊಲ್ಲಿ ಯಾವ ಗಾಳಿಗೆ ಆಸರೆ?

ಚಳಿಗಾಲದ ರಜೆ ಹತ್ತಿರವಾಗುತ್ತಿರುವುದರಿಂದ ಗುಂಪಾಗಿ ಕಡಲಿನಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ನಡೆಸುವ ಒಂದು ದಿನದ ಪ್ರವಾಸದ ಬಗ್ಗೆ ಹಲವು ಓದುಗರು ಪತ್ರ ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ನಮ್ಮ ಕಚೇರಿಯ ಹನ್ನೆರಡು ಮಂದಿ ಡಿಸೆಂಬರ್ ಕೊನೆಯಲ್ಲಿ ಕಾರವಾರಕ್ಕೆ ಹೋಗಿ ಒಂದು ಹಗಲು ಪೂರ್ತಿ ಕಯಾಕ್ ನಡೆಸಬೇಕೆಂದುಕೊಂಡಿದ್ದೇವೆ. ನಮ್ಮಲ್ಲಿ ಯಾರೂ ಹಿಂದೆ ಕಯಾಕ್ ಮುಟ್ಟಿದವರಲ್ಲ. ಕಾರವಾರದ ಕೊಲ್ಲಿ ಗುಡ್ಡಗಳ ಆಸರೆಯಲ್ಲಿರುವುದರಿಂದ ಯಾವ ಹೊತ್ತಿನಲ್ಲಾದರೂ ನೀರಿಗಿಳಿಯಬಹುದು, ಬೆಳಿಗ್ಗೆ ಹೊರಟು ಕುರುಮಗಡ ನಡುಗಡ್ಡೆಯನ್ನು ಸುತ್ತಿ ಸಂಜೆಗೆ ಮರಳಬಹುದು ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಇದು ಸರಿಯೇ?
(ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮ ಪರಿಚಿತರ ಮಾತಿನಲ್ಲಿ ಅರ್ಧ ನಿಜವಿದೆ, ಆದರೆ ಕಡಲಿಗಿಳಿಯುವವರಿಗೆ ಮುಖ್ಯವಾಗಿ ಬೇಕಾಗುವುದು ಅವರು ಹೇಳದೆ ಬಿಟ್ಟ ಉಳಿದರ್ಧ. ಕಾರವಾರದ ಕೊಲ್ಲಿಯ ತೆಂಕಣ ತುದಿಯಲ್ಲಿ ಕಡಲಿಗೆ ಚಾಚಿಕೊಂಡಿರುವ ಗುಡ್ಡದ ಮೂಗು ನೈಋತ್ಯದಿಂದ ಬರುವ ಅಲೆಗಳನ್ನು ತಡೆಯುತ್ತದೆ. ಬೈತಖೋಲಿನ ಬಂದರು ಆ ಗುಡ್ಡದ ಬಡಗಣ ಮಗ್ಗುಲಲ್ಲಿ ಸೇರಿಕೊಂಡಿರುವುದೂ, ಕಾರವಾರವು ಸರ್ವಋತು ಬಂದರು ಎಂದು ಹೆಸರಾದುದೂ ಇದೇ ಕಾರಣದಿಂದ. ಆದರೆ ಅದೇ ಕೊಲ್ಲಿ ಪಶ್ಚಿಮಕ್ಕೂ ವಾಯವ್ಯಕ್ಕೂ ತೆರೆದುಕೊಂಡಿದೆ. ನೀವು ಹೋಗಬೇಕೆಂದಿರುವ ಡಿಸೆಂಬರಿನಲ್ಲಿ ನೈಋತ್ಯದ ಗಾಳಿಯೇ ಇರುವುದಿಲ್ಲ. ಮಧ್ಯಾಹ್ನ ಬೀಸುವ ಕಡಲಗಾಳಿ ಬರುವುದು ಆ ತೆರೆದ ಪಶ್ಚಿಮ, ವಾಯವ್ಯಗಳಿಂದಲೇ. ಒಂದು ಕರಾವಳಿಯನ್ನು ಆಸರೆಯ ಜಾಗ ಎಂದು ಯಾರಾದರೂ ಹೇಳಿದರೆ, ಯಾವ ದಿಕ್ಕಿನ ಗಾಳಿಗೆ ಆಸರೆ, ಯಾವ ತಿಂಗಳಿನಲ್ಲಿ ಆಸರೆ, ಹಗಲಿನ ಎಷ್ಟು ಗಂಟೆಯವರೆಗೆ ಆಸರೆ ಎಂದು ಮರಳಿ ಕೇಳಬೇಕು. ಈ ಮೂರಕ್ಕೂ ಉತ್ತರ ಸಿಗದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ನವೆಂಬರಿನಿಂದ ಫೆಬ್ರವರಿಯವರೆಗೆ ಈ ಕರಾವಳಿಯ ಒಂದು ದಿನ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಘಟ್ಟದ ಕಡೆಯಿಂದ ಕಡಲಿನತ್ತ ಮೆಲುಗಾಳಿ ಹರಿಯಲು ತೊಡಗಿ ಬೆಳಗಿನ ಎಂಟು, ಒಂಬತ್ತರವರೆಗೂ ಇರುತ್ತದೆ. ಆಮೇಲೆ ಒಂದೆರಡು ಗಂಟೆ ಗಾಳಿ ನಿಂತು ನೀರು ಕನ್ನಡಿಯಂತಾಗುತ್ತದೆ. ಹನ್ನೊಂದು, ಹನ್ನೆರಡರ ಸುಮಾರಿಗೆ ನೆಲ ಕಾದು ಕಡಲಗಾಳಿ ಎದ್ದು ಮೂರು, ನಾಲ್ಕು ಗಂಟೆಯ ಹೊತ್ತಿಗೆ ಪೂರ್ತಿ ಬಲಗೊಳ್ಳುತ್ತದೆ. ಹೊಸಬರು ಮೋಸಹೋಗುವುದು ಬೆಳಗಿನ ಗಾಳಿಯಿಂದ. ಅದು ಬೆನ್ನಿನಿಂದ ತಳ್ಳುವುದರಿಂದ ಕಯಾಕ್ ತಾನಾಗಿಯೇ ಓಡುತ್ತದೆ, ದಡದ ಬಳಿ ಅಲೆಯೂ ಇರುವುದಿಲ್ಲ, ತಮ್ಮ ತೋಳಿನಲ್ಲಿ ಇಷ್ಟು ಬಲವಿತ್ತೇ ಎಂದು ಎಲ್ಲರೂ ಹಿಗ್ಗುತ್ತಾರೆ. ತಿರುಗಿ ನೋಡುವಾಗ ದಡ ಎಣಿಸಿದ್ದಕ್ಕಿಂತ ದೂರ ಸರಿದಿರುತ್ತದೆ, ಮರಳುವ ಹಾದಿಯುದ್ದಕ್ಕೂ ಅದೇ ಗಾಳಿ ಎದುರಾಗುತ್ತದೆ. ಆದ್ದರಿಂದ ಗಾಳಿ ದಡದಿಂದ ಕಡಲಿಗೆ ಬೀಸುತ್ತಿರುವಾಗ ತೀರದ ಉದ್ದಕ್ಕೆ, ಬೇಕೆಂದಾಗ ನೆಲ ಮುಟ್ಟುವಷ್ಟು ಹತ್ತಿರದಲ್ಲಿ ಸಾಗಬೇಕಲ್ಲದೆ ನೇರವಾಗಿ ಹೊರಗೆ ಹೋಗಬಾರದು.

ಕುರುಮಗಡದ ಆಸೆಯನ್ನು ಈ ಸಲ ಬಿಟ್ಟುಬಿಡಿ. ಅದು ತೀರದಿಂದ ಕೆಲವು ಕಿಲೋಮೀಟರ್ ಆಚೆ, ಕಾಳಿ ನದಿ ಕಡಲು ಸೇರುವ ಅಳಿವೆಯ ಎದುರಿನ ತೆರೆದ ನೀರಿನಲ್ಲಿದೆ. ಹೊಸಬರ ಗುಂಪು ಶಾಂತ ನೀರಿನಲ್ಲಿಯೂ ಗಂಟೆಗೆ ಮೂರರಿಂದ ನಾಲ್ಕು ಕಿಲೋಮೀಟರಿಗಿಂತ ಹೆಚ್ಚು ಸಾಗುವುದಿಲ್ಲ, ಏಕೆಂದರೆ ಗುಂಪಿನ ವೇಗವೆಂದರೆ ಅತ್ಯಂತ ನಿಧಾನವಾಗಿರುವವರ ವೇಗ. ಹಿಂದುಳಿದವರನ್ನು ಕಾಯುವುದು, ಫೋಟೊ ತೆಗೆಯುವುದು, ನೀರು ಕುಡಿಯುವುದು ಎಲ್ಲ ಸೇರಿದರೆ ಒಂದು ಹಗಲಿಗೆ ಎಂಟು ಕಿಲೋಮೀಟರ್ ಸಾಕಷ್ಟಾಯಿತು. ನಡುಗಡ್ಡೆಗೆ ಹೋಗಿ ಊಟ ಮಾಡಿ ಹೊರಡುವ ಹೊತ್ತಿಗೆ ಕಡಲಗಾಳಿ ಎದ್ದಿರುತ್ತದೆ. ಅದು ದಡದತ್ತಲೇ ತಳ್ಳುವುದು ನಿಜವಾದರೂ ಬೆನ್ನಿನಿಂದ ಏರಿ ಬರುವ ಅಲೆ ಹೊಸಬರ ಕಯಾಕನ್ನು ಅಡ್ಡ ತಿರುಗಿಸಿ ಮಗುಚುವುದರಲ್ಲಿ ನಿಸ್ಸೀಮ. ಅದೇ ಹೊತ್ತಿನಲ್ಲಿ ಅಳಿವೆಯಿಂದ ಇಳಿತದ ನೀರು ಹೊರನುಗ್ಗುತ್ತಿದ್ದರೆ ಗಾಳಿಯೂ ಹೊಳೆಯ ಸೆಳೆತವೂ ಎದುರುಬದುರಾಗಿ ಅಲೆಗಳು ಕಡಿದಾಗಿ, ಒತ್ತೊತ್ತಾಗಿ ನಿಲ್ಲುತ್ತವೆ. ಅಳಿವೆಯ ಮರಳದಿಬ್ಬ ಪ್ರತಿ ಮಳೆಗಾಲದಲ್ಲಿಯೂ ಜಾಗ ಬದಲಿಸುವುದರಿಂದ ಹಿಂದಿನ ವರ್ಷ ಹೋಗಿಬಂದವರ ತಿಳಿವಳಿಕೆಯನ್ನೂ ನೆಚ್ಚುವಂತಿಲ್ಲ.

ಇದಕ್ಕೆ ಬದಲಾಗಿ ಅಳಿವೆಯಿಂದ ಒಳಗೆ, ಕಾಳಿಯ ಹಿನ್ನೀರಿನಲ್ಲಿ ನಿಮ್ಮ ದಿನವನ್ನು ಯೋಜಿಸಿಕೊಳ್ಳಿ. ಸದಾಶಿವಗಡದ ಗುಡ್ಡವನ್ನು ಹಿಂದೆ ಬಿಟ್ಟು ಉಬ್ಬರದೊಡನೆ ಮೇಲಕ್ಕೆ ಸಾಗಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ತಿರುಗಾಡಿ, ಇಳಿತ ಶುರುವಾದ ಮೇಲೆ ಅದರೊಡನೆ ಕೆಳಗಿಳಿಯಬಹುದು. 2024ರ ಆಗಸ್ಟ್ 7ರಂದು ಕುಸಿದುಬಿದ್ದ ಹಳೆಯ ಹೆದ್ದಾರಿ ಸೇತುವೆಯ ಜಾಗದಿಂದ ಮಾತ್ರ ದೂರವಿರಿ. ಯಾವ ಸೇತುವೆಯ ಕಂಬಗಳ ನಡುವೆಯಾದರೂ ಸೆಳೆತ ಹೆಚ್ಚಾಗಿರುತ್ತದೆ, ಅಲ್ಲಿ ಅಡ್ಡಲಾಗಿ ಸಿಕ್ಕಿಕೊಂಡ ಕಯಾಕನ್ನು ಬಿಡಿಸುವುದು ಕಷ್ಟ.

ಈ ಯೋಜನೆಗೆ ಸರಿಯಾದ ದಿನ ಯಾವುದೆಂದು ತಿಳಿಯಲು ಗೋಡೆಯ ಮೇಲಿನ ಪಂಚಾಂಗ ನೆರವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ನೀರಿನ ಏರಿಳಿತ ಹೆಚ್ಚು, ಕಾರವಾರದ ಬದಿಯಲ್ಲಿ ಒಂದೂವರೆಯಿಂದ ಎರಡು ಮೀಟರಿನಷ್ಟು. ಅಷ್ಟಮಿಯ ಹತ್ತಿರ ಅದು ಬಹಳ ಕಡಿಮೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಉಬ್ಬರ ತುಂಬುವುದು ನಡುಹಗಲಿಗಿಂತ ತುಸು ಮುಂಚೆ, ಮತ್ತು ದಿನ ಕಳೆದಂತೆ ಅದು ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಇದನ್ನು ಹಿಂದಕ್ಕೆ ಎಣಿಸಿದರೆ ದ್ವಾದಶಿ, ತ್ರಯೋದಶಿಗಳಂದು ಬೆಳಿಗ್ಗೆ ಒಂಬತ್ತು, ಒಂಬತ್ತೂವರೆಯ ಸುಮಾರಿಗೆ ಉಬ್ಬರ ತುಂಬಿರುತ್ತದೆ. ಆರೂವರೆ, ಏಳಕ್ಕೆ ಹೊರಟವರು ಏರುವ ನೀರಿನೊಡನೆ ಮೇಲೆ ಹೋಗಿ, ನೀರು ನಿಂತ ಹೊತ್ತಿನಲ್ಲಿ ತಿಂಡಿ ತಿಂದು, ಇಳಿಯುವ ನೀರಿನೊಡನೆ ಹನ್ನೊಂದರ ಒಳಗೆ, ಅಂದರೆ ಕಡಲಗಾಳಿ ಏಳುವ ಮುನ್ನ, ದಡ ಸೇರಬಹುದು. (ಏಕಾದಶಿಯ ಉಪವಾಸ ಮಾಡುವವರು ಗುಂಪಿನಲ್ಲಿದ್ದರೆ ಮರುದಿನವೇ ಹೊರಡುವುದು ಇನ್ನೂ ಅನುಕೂಲ.) ಪಂಚಾಂಗ ದಿನವನ್ನು ಆರಿಸಿಕೊಡುತ್ತದೆ, ಗಂಟೆಯನ್ನಲ್ಲ, ನಿಖರವಾದ ವೇಳೆಯನ್ನು ಆ ವರ್ಷದ ಉಬ್ಬರವಿಳಿತದ ಕೋಷ್ಟಕದಲ್ಲಿಯೇ ನೋಡಿಕೊಳ್ಳಬೇಕು. ಕೋಷ್ಟಕ ನೋಡುವಾಗ ಇನ್ನೊಂದು ಸಂಗತಿ ತಿಳಿದಿರಲಿ: ಇಳಿತದ ಸುಮಾರು ಆರು ಗಂಟೆಗಳಲ್ಲಿ ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ; ನಡುವಿನ ಎರಡು ಗಂಟೆಗಳಲ್ಲಿಯೇ ಸುಮಾರು ಅರ್ಧದಷ್ಟು ನೀರು ಹೊರಹೋಗುತ್ತದೆ. ಸೆಳೆತ ಅತಿ ಹೆಚ್ಚಾಗಿರುವ ಆ ಹೊತ್ತಿನಲ್ಲಿ ಅಳಿವೆಯ ಬಾಯಿಯ ಹತ್ತಿರ ಇರಬೇಡಿ.

ಹನ್ನೆರಡು ಮಂದಿಗೆ ಇಬ್ಬರು ಗೈಡ್‌ಗಳಾದರೂ ಬೇಕು, ಒಬ್ಬರು ಮುಂದೆ, ಒಬ್ಬರು ಕೊನೆಯಲ್ಲಿ. ಒಬ್ಬರೇ ಸಾಕು ಎನ್ನುವವರೊಡನೆ ಚೌಕಾಸಿ ಮಾಡದೆ ಬೇರೆಯವರನ್ನು ಹುಡುಕಿ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಶಾಲೆಯ ಸಹೋದ್ಯೋಗಿಗಳು ಕರೆಯುತ್ತಿದ್ದಾರೆ. ಮಗುಚಿದ ಕಯಾಕಿನೊಳಗೆ ಕಾಲು ಸಿಕ್ಕಿಕೊಂಡು ಹೊರಬರಲಾಗದಿದ್ದರೆ ಎಂಬ ಭಯ ನನ್ನದು.
(ಶಿರಸಿಯ ಶಿಕ್ಷಕಿ)

ಉತ್ತರ: ನಮ್ಮ ಕರಾವಳಿಯಲ್ಲಿ ಬಾಡಿಗೆಗೆ ಸಿಗುವ ಕಯಾಕ್‌ಗಳಲ್ಲಿ ಹೆಚ್ಚಿನವು ಮೇಲೆ ಕುಳಿತುಕೊಳ್ಳುವ ಬಗೆಯವು. ಅವುಗಳಲ್ಲಿ ಕಾಲನ್ನು ಒಳಗೆ ತೂರಿಸುವುದೇ ಇಲ್ಲ, ಒಡಲು ಪೂರ್ತಿ ಮುಚ್ಚಿರುವುದರಿಂದ ನೀರು ತುಂಬಿ ಮುಳುಗುವ ಸಂಭವವೂ ಕಡಿಮೆ, ಮಗುಚಿದರೆ ನೀವು ಪಕ್ಕಕ್ಕೆ ಬೀಳುತ್ತೀರಿ ಅಷ್ಟೆ. ನೀವು ಹೇಳುವ ಭಯ ಅನ್ವಯಿಸುವುದು ಸೊಂಟದವರೆಗೆ ಒಳಗೆ ಕುಳಿತು, ನೀರು ನುಗ್ಗದಂತೆ ಸೊಂಟದ ಸುತ್ತ ಬಟ್ಟೆಯ ಮುಚ್ಚಳ ಬಿಗಿದುಕೊಳ್ಳುವ ಉದ್ದನೆಯ ಕಡಲ ಕಯಾಕಿಗೆ. ಅದರಲ್ಲಿಯೂ ಮುಚ್ಚಳದ ಮುಂದಿನ ಕುಣಿಕೆಯನ್ನು ಎಳೆದರೆ ಅದು ಬಿಚ್ಚಿಕೊಳ್ಳುತ್ತದೆ. ಆದರೆ ಎದೆಮಟ್ಟದ ನೀರಿನಲ್ಲಿ ಗೈಡ್ ಪಕ್ಕದಲ್ಲಿ ನಿಂತಿರುವಾಗ ಬೇಕೆಂದೇ ಮಗುಚಿ, ಕುಣಿಕೆ ಎಳೆದು ಹೊರಬರುವುದನ್ನು ಕಲಿಯದೆ ಯಾರೂ ಅದನ್ನು ತೊಡಬಾರದು. ನಿಮಗೆ ಮೊದಲ ಬಗೆಯದೇ ಸಾಕು.

ಈಜು ಬಾರದಿರುವುದು ನೀರಿಗಿಳಿಯಲು ಅಡ್ಡಿಯಲ್ಲ, ಆದರೆ ಜಾಕೆಟ್ಟಿನ ವಿಚಾರದಲ್ಲಿ ನೀವು ಉಳಿದವರಿಗಿಂತ ಹಟಮಾರಿಯಾಗಿರಬೇಕು. ಕಯಾಕ್ ನಡೆಸುವವರು ಸಾಮಾನ್ಯವಾಗಿ ತೊಡುವ, 50 ನ್ಯೂಟನ್ (ತೇಲಿಸುವ ಬಲದ ಅಳತೆ) ಎಂದು ನಮೂದಿಸಿದ ತೆಳು ಜಾಕೆಟ್ ಈಜು ಬಲ್ಲವರಿಗಾಗಿ ಮಾಡಿದ್ದು. ಈಜು ಬಾರದವರು 100 ನ್ಯೂಟನ್ ಅಥವಾ ಅದಕ್ಕಿಂತ ಹೆಚ್ಚಿನದನ್ನು ಕೇಳಿ ಪಡೆಯಬೇಕು. ತೊಟ್ಟ ಮೇಲೆ ಬೇರೊಬ್ಬರಿಗೆ ಹೇಳಿ ಹೆಗಲಿನ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆಸಿ ನೋಡಿ. ಜಾಕೆಟ್ ಕಿವಿಯವರೆಗೆ ಏರಿದರೆ ಅದು ನೀರಿನಲ್ಲಿಯೂ ಹಾಗೆಯೇ ಏರಿ ನಿಮ್ಮನ್ನು ಕೆಳಗೆ ಬಿಡುತ್ತದೆ. ಸೆಕೆಯೆಂದು ಬಿಚ್ಚಿ ಕಾಲಬುಡದಲ್ಲಿ ಇಟ್ಟುಕೊಳ್ಳುವ ಅಭ್ಯಾಸ ನಮ್ಮವರಲ್ಲಿ ವಿಪರೀತವಾಗಿದೆ. 2019ರ ಜನವರಿ 21ರಂದು ಕುರುಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ ಹದಿನೈದಕ್ಕೂ ಹೆಚ್ಚು ಜನ ತೀರಿಕೊಂಡಾಗ, ಮಿತಿಮೀರಿ ಜನರನ್ನು ತುಂಬಿದ್ದುದರ ಜೊತೆಗೆ ಲೈಫ್ ಜಾಕೆಟ್ ತೊಡದಿದ್ದುದೂ ವರದಿಯಾಗಿತ್ತು.

ಬಿದ್ದರೆ ಕಯಾಕನ್ನೂ ಹುಟ್ಟನ್ನೂ ಬಿಡದೆ ಹಿಡಿದುಕೊಂಡಿರಿ. ಗಾಳಿಯಿದ್ದಾಗ ಖಾಲಿ ಕಯಾಕ್ ಒಳ್ಳೆಯ ಈಜುಗಾರನಿಗಿಂತ ವೇಗವಾಗಿ ತೇಲಿಹೋಗುತ್ತದೆ. ಗೈಡ್ ತನ್ನ ಕಯಾಕನ್ನು ನಿಮ್ಮದಕ್ಕೆ ಒತ್ತಿ ನಿಲ್ಲಿಸಿ ಹಿಡಿದಾಗ, ಮೊದಲು ಕಾಲನ್ನು ನೀರಿನ ಮೇಲ್ಮೈಗೆ ತಂದು ಒದೆಯುತ್ತ ಹೊಟ್ಟೆಯ ಮೇಲೆ ಅಡ್ಡ ಬೀಳಬೇಕು, ಆಮೇಲೆ ತಿರುಗಿ ಕುಳಿತುಕೊಳ್ಳಬೇಕು. ನೇರವಾಗಿ ಕೈಬಲದಿಂದ ಏರಲು ಹೋದರೆ ಕಯಾಕ್ ಮತ್ತೆ ನಿಮ್ಮ ಮೇಲೆಯೇ ಮಗುಚುತ್ತದೆ. ಹೊರಡುವ ಮುನ್ನ ದಡದ ಬಳಿ ಇದನ್ನು ಎಲ್ಲರಿಂದಲೂ ಒಮ್ಮೆ ಮಾಡಿಸದ ಗೈಡ್‌ನ ಜೊತೆ ನೀವು ಹೋಗಬೇಡಿ.

ಪ್ರಶ್ನೆ: ಗಂಡ ಹೆಂಡತಿ ಇಬ್ಬರೂ ಒಂದೇ ಕಯಾಕಿನಲ್ಲಿ ಕುಳಿತುಕೊಳ್ಳುವುದು ಒಳ್ಳೆಯದೋ, ಬೇರೆ ಬೇರೆಯಾಗಿಯೋ?
(ಬೆಂಗಳೂರಿನ ದಂಪತಿ)

ಉತ್ತರ: ಮೊದಲ ಸಲಕ್ಕೆ ಒಂದೇ ಕಯಾಕ್. ಇಬ್ಬರು ಕೂರುವ ಕಯಾಕ್ ಅಗಲವಾಗಿದ್ದು ಸ್ಥಿರವಾಗಿರುತ್ತದೆ, ಒಬ್ಬರು ದಣಿದರೆ ಇನ್ನೊಬ್ಬರು ನಡೆಸಬಹುದು. ಲಯ ಮುಂದೆ ಕುಳಿತವರದು, ದಿಕ್ಕು ಹಿಂದೆ ಕುಳಿತವರದು. ಮೈಭಾರ ಹೆಚ್ಚಿರುವವರು ಹಿಂದೆ ಕುಳಿತುಕೊಳ್ಳಬೇಕು. ಹಿಂದಿನವರು ಮುಂದಿನವರ ಹುಟ್ಟನ್ನು ನೋಡಿಕೊಂಡು ಹಾಕದಿದ್ದರೆ ಎರಡು ಹುಟ್ಟುಗಳೂ ಬಡಿದಾಡುತ್ತವೆ, ಆಮೇಲೆ ದೋಷ ಯಾರದೆಂಬ ಚರ್ಚೆ ದಡ ಸೇರುವವರೆಗೂ ನಡೆಯುತ್ತದೆ.

ಪ್ರಶ್ನೆ: ನಮ್ಮದು ತಲೆಮಾರುಗಳಿಂದ ಮೀನುಗಾರಿಕೆ ಮಾಡುವ ಮನೆ. ಈಚೆಗೆ ಬಣ್ಣಬಣ್ಣದ ಕಯಾಕ್‌ಗಳಲ್ಲಿ ಬರುವವರು ನಾವು ಬಿಟ್ಟ ಬಲೆಗಳ ಮೇಲೆ ಹಾಯುತ್ತಾರೆ, ತೇಲುಬೆಂಡು ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ನಿಮ್ಮ ಅಂಕಣದಲ್ಲಿ ಇದರ ಬಗ್ಗೆ ಏಕೆ ಬರೆಯುವುದಿಲ್ಲ?
(ಕುಮಟಾದ ಓದುಗರು)

ಉತ್ತರ: ನಿಮ್ಮ ದೂರು ನ್ಯಾಯವಾದದ್ದು. ಅಳಿವೆಯ ಒಳಗಾಗಲಿ ತೀರದ ಬದಿಯಲ್ಲಾಗಲಿ ಸಾಲಾಗಿ ತೇಲುವ ಬೆಂಡುಗಳು ಕಂಡರೆ ಅದರ ಕೆಳಗೆ ಒಬ್ಬರ ಆ ದಿನದ ದುಡಿಮೆ ಇದೆಯೆಂದು ತಿಳಿದು, ಸಾಲಿನ ತುದಿಯನ್ನು ಬಳಸಿಕೊಂಡು ಹೋಗಬೇಕು. ಬಳಸಲು ಜಾಗವೇ ಇಲ್ಲದಿದ್ದರೆ ಬಲೆಯ ಬಳಿಯಿರುವ ದೋಣಿಯವರನ್ನು ಕೂಗಿ ಕೇಳಿ ಅವರು ತೋರಿಸಿದ ಕಡೆ ದಾಟಬೇಕು. ಕಯಾಕಿನ ತಳ ಬಲೆಗೆ ಹೆಚ್ಚು ಹಾನಿ ಮಾಡದಿದ್ದರೂ ಹಿಂಭಾಗದ ಚುಕ್ಕಾಣಿ ಮತ್ತು ಹುಟ್ಟಿನ ಅಂಚು ಅದನ್ನು ಖಂಡಿತ ಹರಿಯುತ್ತವೆ. ಬಲೆಯ ಮೇಲೆ ಮಗುಚಿದವರ ಕಾಲಿಗೆ ನೂಲು ಸುತ್ತಿಕೊಂಡರೆ ಜೀವಕ್ಕೇ ಅಪಾಯ. ಯಾಂತ್ರಿಕ ದೋಣಿಗಳು ಮರಳುವ ಹೊತ್ತಿನಲ್ಲಿ ಅಳಿವೆಯ ಕಾಲುವೆಯಲ್ಲಿ ಗುಂಪು ಹರಡಿಕೊಂಡಿರಬಾರದು. ಕಯಾಕ್ ನೀರಿನ ಮಟ್ಟಕ್ಕಿಂತ ಹೆಚ್ಚು ಮೇಲೆ ಕಾಣುವುದಿಲ್ಲ, ಎದುರು ಬಿಸಿಲಿನಲ್ಲಿ ದೋಣಿ ನಡೆಸುವವರಿಗೆ ಅದು ಕಾಣುವುದೇ ಇಲ್ಲ ಎನ್ನಬಹುದು.

ಕಾರವಾರಕ್ಕೆ ಹೋಗುವವರಿಗೆ ಇದರೊಡನೆ ಇನ್ನೊಂದು ಗಡಿಯೂ ಇದೆ. ಬಂದರಿನ ಗುಡ್ಡವನ್ನು ಸುತ್ತಿ ತೆಂಕಣಕ್ಕೆ ಹೋದರೆ ನೌಕಾನೆಲೆಯ ನೀರು. 2005ರಲ್ಲಿ ಕಾರ್ಯಾರಂಭ ಮಾಡಿದ ಐಎನ್‌ಎಸ್ ಕದಂಬ ನೆಲೆಯ ಆಸುಪಾಸಿಗೂ ಅಂಜದೀವ್ ನಡುಗಡ್ಡೆಯ ಕಡೆಗೂ ವಿಹಾರಕ್ಕೆಂದು ಹೋಗುವಂತಿಲ್ಲ, ಕಣ್ತಪ್ಪಿನಿಂದ ಬಂದೆವೆಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಬಾಡಿಗೆ ಕೊಡುವವರಲ್ಲಿ ಮೀನುಗಾರ ಮನೆತನದ ಹುಡುಗರು ಗೈಡ್‌ಗಳಾಗಿರುವಲ್ಲಿ ಇಂಥ ತಕರಾರುಗಳು ಕಡಿಮೆ. ಪಾತಿದೋಣಿಯಲ್ಲಿ ಬೆಳೆದವರಿಗೆ ಮರಳದಿಬ್ಬ ಎಲ್ಲಿ ಸರಿದಿದೆ, ಯಾರ ಬಲೆ ಎಲ್ಲಿದೆ ಎಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ. ಪ್ರವಾಸಿಗರು ಆರಿಸಿಕೊಳ್ಳುವುದಾದರೆ ಅಂಥವರನ್ನೇ ಆರಿಸಿಕೊಳ್ಳಲಿ ಎಂದು ನಾನು ಹೇಳುತ್ತೇನೆ.

ಪ್ರಶ್ನೆ: ನಾವು ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿದ್ದೇವೆ. ಇಲ್ಲಿನ ಕನ್ನಡಿಗರು ಸೇರಿ ಜನವರಿಯಲ್ಲಿ ಏಬಲ್ ಟಾಸ್ಮನ್ ರಾಷ್ಟ್ರೀಯ ಉದ್ಯಾನದ ತೀರದಲ್ಲಿ ಒಂದು ದಿನ ಕಯಾಕ್ ನಡೆಸುವ ವಿಚಾರವಿದೆ. ಊರಿನ ಕಡಲಿಗೂ ಅಲ್ಲಿನದಕ್ಕೂ ಏನು ವ್ಯತ್ಯಾಸ?
(ವೆಲಿಂಗ್ಟನ್ನಿನ ಓದುಗರು)

ಉತ್ತರ: ಆಸರೆಯ ಲೆಕ್ಕ ಅಲ್ಲಿಯೂ ಇದೇ, ದಿಕ್ಕು ಮಾತ್ರ ಬೇರೆ. ಆ ದೇಶದಲ್ಲಿ ಹೆಚ್ಚಾಗಿ ಬೀಸುವ ಪಶ್ಚಿಮದ ಗಾಳಿಯನ್ನು ಬೆಟ್ಟಗಳು ತಡೆಯುವುದರಿಂದ ಆ ತೀರ ಶಾಂತವಾಗಿದೆ; ಆದರೆ ಬೇಸಿಗೆಯ ಮಧ್ಯಾಹ್ನಗಳಲ್ಲಿ ಉತ್ತರ, ಈಶಾನ್ಯಗಳಿಂದ ಕಡಲಗಾಳಿ ಬರುತ್ತದೆ, ತೀರ ತೆರೆದಿರುವುದೂ ಆ ಕಡೆಗೇ. ಆದ್ದರಿಂದ ಅಲ್ಲಿಯೂ ಬೆಳಿಗ್ಗೆಯೇ ಹೊರಡಿ. ದೊಡ್ಡ ವ್ಯತ್ಯಾಸವಿರುವುದು ಏರಿಳಿತದಲ್ಲಿ. ಅಲ್ಲಿ ಅದು ನಾಲ್ಕು ಮೀಟರಿನ ಹತ್ತಿರ ಹೋಗುವುದರಿಂದ ಬೆಳಿಗ್ಗೆ ತೇಲಿಕೊಂಡು ಒಳಹೊಕ್ಕ ಹಿನ್ನೀರು ಮಧ್ಯಾಹ್ನ ಬರಿಯ ಮರಳಾಗಿರಬಹುದು. ಮಾರಹೌ ಎಂಬ ಹಳ್ಳಿಯಲ್ಲಿ ದೋಣಿಗಳನ್ನು ಟ್ರ್ಯಾಕ್ಟರಿಗೆ ಕಟ್ಟಿ ನೀರಿನವರೆಗೆ ಎಳೆದೊಯ್ಯುವುದನ್ನು ನೀವೇ ನೋಡುವಿರಿ.

ಮಾರಹೌದಿಂದ ಹೊರಟು ಅಡೆಲ್ ದ್ವೀಪಕ್ಕೂ ನೆಲಕ್ಕೂ ನಡುವಿನ ಕಾಲುವೆಯಲ್ಲಿ ಸಾಗುವುದು ಹೊಸಬರಿಗೆ ತಕ್ಕ ದಾರಿ. 1827ರಲ್ಲಿ ಫ್ರೆಂಚ್ ನಾವಿಕ ದ್ಯುಮೋಂ ದ್ಯುರ್ವಿಲ್ ತನ್ನ ಹಡಗನ್ನು ಲಂಗರು ಹಾಕಿದ್ದು ಅಲ್ಲಿಯೇ, ಆ ಜಾಗಕ್ಕೆ ಅವನ ಆಸ್ಟ್ರೊಲೇಬ್ ಹಡಗಿನ ಹೆಸರೇ ಉಳಿದಿದೆ. ಇನ್ನೂ ಮೇಲಿರುವ ಟೊಂಗಾ ದ್ವೀಪದ ಸುತ್ತಲಿನ ನೀರು 1993ರಿಂದ ಸಾಗರ ಮೀಸಲು ಪ್ರದೇಶ. ಅಲ್ಲಿನ ತುಪ್ಪಳದ ಸೀಲ್‌ಗಳಿಂದ ಇಪ್ಪತ್ತು ಮೀಟರ್ ದೂರವಿರಿ. ಆ ತೀರದ ದೊಡ್ಡ ಅನುಕೂಲವೆಂದರೆ ಒಂದೇ ದಿಕ್ಕಿಗೆ ಕಯಾಕ್ ನಡೆಸಿ ಮರಳುವಾಗ ನೀರುಟ್ಯಾಕ್ಸಿ ಹತ್ತಬಹುದಾದದ್ದು. ಗಾಳಿ ಯಾವ ಕಡೆಗೆ ತಳ್ಳುತ್ತದೋ ಆ ಕಡೆಗೇ ದಾರಿ ಹಾಕಿಕೊಳ್ಳಿ.

ಪ್ರಶ್ನೆ: ಮೊಬೈಲ್, ಊಟ, ಬಟ್ಟೆ ಇವುಗಳ ಬಗ್ಗೆ ತಿಳಿಸಿ.
(ದಾವಣಗೆರೆಯ ವಿದ್ಯಾರ್ಥಿಗಳು)

ಉತ್ತರ: ಮೊಬೈಲನ್ನು ನೀರು ತಾಗದ ಚೀಲದಲ್ಲಿ ಹಾಕಿ ಮೈಮೇಲೆಯೇ ಇಟ್ಟುಕೊಳ್ಳಿ, ಕಯಾಕಿಗೆ ಕಟ್ಟಿದರೆ ನೀವು ಒಂದು ಕಡೆ, ಅದು ಇನ್ನೊಂದು ಕಡೆ ಆದೀತು. ಅದರಲ್ಲಿ ತಟರಕ್ಷಕ ಪಡೆಯ 1554 ಮತ್ತು ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳಿರಲಿ. ತಲಾ ಎರಡು ಲೀಟರ್ ನೀರು, ಒದ್ದೆ ಕೈಯಲ್ಲಿ ತಿನ್ನಬಹುದಾದ ಬಾಳೆಹಣ್ಣು, ಚಕ್ಕುಲಿಯಂಥವು ಸಾಕು. ತೋಳು ಮುಚ್ಚುವ ತೆಳು ಅಂಗಿ ಹಾಕಿಕೊಳ್ಳಿ. ಜೀನ್ಸ್ ಬೇಡ. ಕೊರಳಿಗೆ ಒಂದು ಸೀಟಿ.

ಪ್ರಶ್ನೆ: ನನಗೆ ಅರುವತ್ತು ದಾಟಿದೆ, ಬಲ ಹೆಗಲು ಆಗಾಗ ನೋಯುತ್ತದೆ. ಮಕ್ಕಳ ಜೊತೆ ಹೋಗುವ ಮನಸ್ಸಿದೆ. ಮರಳುವ ದಾರಿಯಲ್ಲಿ ಕೈ ಸೋತರೆ ಏನು ಮಾಡಬೇಕು?
(ಸಾಗರದ ಓದುಗರು)

ಉತ್ತರ: ಹೆಗಲು ನೋಯುವುದು ಬಹುಮಟ್ಟಿಗೆ ಹುಟ್ಟನ್ನು ಕೈಯಿಂದ ಎಳೆಯುವವರಿಗೆ. ಹುಟ್ಟಿನ ಅಲಗನ್ನು ಪಾದದ ಬಳಿ ನೀರಿಗಿಳಿಸಿ, ತೋಳನ್ನು ಹೆಚ್ಚು ಮಡಿಸದೆ, ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿದರೆ ಕೆಲಸವನ್ನು ಬೆನ್ನು ಮತ್ತು ಹೊಟ್ಟೆಯ ದೊಡ್ಡ ಸ್ನಾಯುಗಳು ಮಾಡುತ್ತವೆ. ಕೈಗಳು ಹೆಗಲಿಗಿಂತ ಮೇಲೆ ಏರದಿರಲಿ, ಹಿಡಿತ ಸಡಿಲವಾಗಿರಲಿ. ನೋವು ಬಿಡದೆ ಇದ್ದರೆ ವೈದ್ಯರನ್ನು ಕಂಡೇ ಹೊರಡಿ.

ಕೈ ಸೋತರೆ ಮಾಡಬೇಕಾದದ್ದು ಸುಲಭ: ಹತ್ತಿರದ ದಡಕ್ಕೆ ಹತ್ತಿಬಿಡುವುದು. 1883ರ ಸುಮಾರಿಗೆ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ಅವರ ಮನೆಯಲ್ಲಿ ತಂಗಿದ್ದ ರವೀಂದ್ರನಾಥ ಠಾಕೂರರು ಒಂದು ಸಂಜೆ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋಗಿದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಹಿಂದಿರುಗುವಾಗ ಅಳಿವೆ ಮುಟ್ಟುವುದಕ್ಕೇ ಬಹಳ ಹೊತ್ತಾದುದರಿಂದ ಅವರು ಕಡಲಿನ ದಾರಿಯನ್ನು ಬಿಟ್ಟು, ಅಲ್ಲಿಯೇ ಇಳಿದು, ಮರಳಿನ ಮೇಲೆ ನಡೆದುಕೊಂಡು ಮನೆ ಸೇರಿದರಂತೆ. ಹೊರಟಲ್ಲಿಗೇ ನೀರಿನ ಮೇಲೆ ಮರಳಬೇಕೆಂಬ ಹಟ ಇಂದಿನ ಗುಂಪುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಕಾಣುತ್ತದೆ. ನಡುದಾರಿಯಲ್ಲಿ ಎಲ್ಲೆಲ್ಲಿ ಹತ್ತಬಹುದು, ಅಲ್ಲಿಗೆ ವಾಹನ ಬರುವ ರಸ್ತೆ ಯಾವುದು ಎಂಬುದನ್ನು ಹಿಂದಿನ ಸಂಜೆಯೇ ನಡೆದು ನೋಡಿಟ್ಟುಕೊಳ್ಳಿ. ಮನೆಯವರಲ್ಲಿ ವಾಹನ ನಡೆಸಬಲ್ಲ ಒಬ್ಬರು ಕೀಲಿಕೈಯೊಂದಿಗೆ ದಡದಲ್ಲಿಯೇ ಉಳಿಯಲಿ, ಇಂಥ ಗಂಟೆಯವರೆಗೆ ನಮ್ಮ ಕರೆ ಬರದಿದ್ದರೆ 1093ಕ್ಕೆ ತಿಳಿಸಬೇಕೆಂದು ಅವರಿಗೆ ಹೇಳಿ ಹೊರಡಿ.